ಕುರುಡು ಗುಬ್ಬಿಗಳು

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ನಾಜಮೀನ ನಡೆಸುವ ಕಂಪ್ಯೂಟರ್ ಅಂಗಡಿಗೆ ಸುಧಾರಾಣಿ ಬಂದು ಕೂತಾಗ ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಪ್ರಭುಲಿಂಗಪ್ಪ ಅವಳ ಮನೆಗೆ ಬರುವವನಿದ್ದ. ಬಂದು, ಚಹಾ ಕುಡಿದು, ಅವಳ ಅತ್ತೆ ಶಂಕ್ರವ್ವ ಎರಡು ವರ್ಷ ಕೂತು ಬರೆದ ಹೊಸ ಸೆರಗಿನ ನಕ್ಷೆಯ ಹಾಳೆಗಳನ್ನು ಬಗಲಲ್ಲಿಟ್ಟುಕೊಂಡು ಹೋಗುವವನಿದ್ದ. ಕೊಡಬೇಕೋ ಬೇಡವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕು. ಹಾಳೆ ಒಮ್ಮೆ ಹೊಸ್ತಿಲು ದಾಟಿತೆಂದರೆ ಆಮೇಲೆ ಬಾಯಿ ಬಡಿದುಕೊಂಡರೂ ತಿರುಗಿ ಬರುವುದಿಲ್ಲ.

ಪ್ರಭುಲಿಂಗಪ್ಪ ಯಾರೋ ದಾರಿಹೋಕನಲ್ಲ. ಇಪ್ಪತ್ತು ವರ್ಷದಿಂದ ಈ ಮನೆಗೆ ನೂಲು ಕೊಟ್ಟು, ನೇಯ್ದ ಸೀರೆ ಒಯ್ದು ಮಾರುವ ಮನುಷ್ಯ. ರಕ್ತಸಂಬಂಧವಿಲ್ಲದಿದ್ದರೂ ಶಂಕ್ರವ್ವನಿಗೆ ತಮ್ಮ, ಸುಧಾರಾಣಿಗೆ ಕಾಕಾ. ಅಂಥವನ ಮೇಲೆ ಅನುಮಾನ ಪಡುವುದಕ್ಕೇ ಅವಳಿಗೆ ಒಂಥರಾ ಹೇಸಿಗೆಯಾಗುತ್ತಿತ್ತು, ತನ್ನ ಮೇಲೇ.

ಆದರೆ ಬೆಳಿಗ್ಗೆ ನೀಲಾಳಿಂದ ಸಂದೇಶ ಬಂದಿತ್ತು. ನೀಲಾ ರಾಜೂರಿನವಳು, ಶಾಲೆಯಲ್ಲಿ ಸುಧಾರಾಣಿಯ ಪಕ್ಕ ಕೂತವಳು, ಈಗ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. 'ನಿಮ್ಮತ್ತಿ ಗುಬ್ಬಿ ಸೀರಿ ಇಲ್ಲಿ ಆನ್‌ಲೈನ್ ಅಂಗಡಿಯಾಗ ಮಾರಾಕತ್ತಾರ, ನೋಡು' ಎಂದು ಒಂದು ಚಿತ್ರ, ಒಂದು ಲಿಂಕು ಕಳಿಸಿ ಕೆಲಸಕ್ಕೆ ಹೋಗಿಬಿಟ್ಟಿದ್ದಳು. ಚಿತ್ರದಲ್ಲಿ ಅರ್ಧ ಸೆರಗು ಮಡಚಿತ್ತು. ಲಿಂಕು ಒತ್ತಿದರೆ 'ಈ ಪುಟ ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಎಂಬ ಒಂದೇ ಸಾಲು.

"ಲೋಕಕ್ಕೆಲ್ಲಾ ತೋರಸ್ತಾರ, ನಮಗಷ್ಟ ಇಲ್ಲ. ಇದ್ಯಾವ ನಮೂನಿ ಅಂಗಡಿ?" ಎಂದಳು ಸುಧಾರಾಣಿ.

"ನೀವು ನೋಡಬಾರದು ಅಂತನ ಬಾಗಲಾ ಹಾಕ್ಯಾರ್ರಿ ಅಕ್ಕಾರ," ಎಂದಳು ನಾಜಮೀನ. "ಬ್ರೌಸರಿಗೆ ವಿಪಿಎನ್ ಹಾಕೂಣು. ನಾವು ಕುಂತಿದ್ದು ಗಜೇಂದ್ರಗಡದಾಗ, ಅವರ ಕಣ್ಣಿಗೆ ಕಾಣೂದು ಬ್ಯಾರೆ ದೇಶದಾಗ."

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನಕ್ಕೆಂದೇ ಮಾಡಿಟ್ಟಂಥ, ಬ್ರೌಸರಿಗೆ ಸೇರಿಸುವ ಒಂದು ಎಕ್ಸ್‌ಟೆನ್ಶನ್ನು ಮೊದಲು ಸಿಕ್ಕಿತು. ಸೇರಿಸಿದ ಮರುಕ್ಷಣವೇ ಪರದೆಯ ತುಂಬ ಜೂಜಿನ ಜಾಹೀರಾತು, ಅರೆಬತ್ತಲೆ ಹೆಂಗಸರು, ನೀವು ಫೋನು ಗೆದ್ದಿದ್ದೀರಿ ಎಂಬ ಸುಳ್ಳು. ಸುಧಾರಾಣಿ ಮುಖ ಆಚೆ ತಿರುಗಿಸಿದಳು. ನಾಜಮೀನ ಅದನ್ನು ಕಿತ್ತು ಒಗೆದು, ಹೆಸರು ಕೇಳಿದ್ದ ಇನ್ನೊಂದನ್ನು ಹುಡುಕಿ, ಅದರ ಬಗ್ಗೆ ಬರೆದದ್ದನ್ನು ಓದಿ, 'ಸೇರಿಸು' ಎಂಬುದನ್ನು ಒತ್ತಿದಳು. ಆಗ ಒಂದು ಪಟ್ಟಿ ಎದ್ದು ನಿಂತಿತು. ನೀವು ನೋಡುವ ಎಲ್ಲ ಪುಟಗಳ ಮಾಹಿತಿಯನ್ನು ಇದು ಓದಬಹುದು, ಬದಲಿಸಬಹುದು, ಒಪ್ಪಿಗೆಯೇ?

"ಅಲ್ಲವಾ, ಎಲ್ಲಾ ಓದತೈತಿ ಅಂದ್ರ?"

"ಕೇಳಿ ಓದತೈತ್ರಿ. ಕೇಳದ ಓದೂ ಮಂದಿನೂ ಅದಾರ. ಕೆಲಸ ಮುಗದ ಕೂಡಲೆ ತಗದು ಹಾಕ್ತೀನಿ. ಇದು ಇರೂತನಕ ಬ್ಯಾಂಕಿಂದೇನೂ ತೆರೆಯೂದು ಬ್ಯಾಡ."

ಇಮೇಲ್ ಕೊಟ್ಟು ಖಾತೆ ತೆರೆದದ್ದಾಯಿತು. ಮೇಲೆ ಮೂಲೆಯಲ್ಲಿ ಸಣ್ಣ ಗುರುತೊಂದು ಬಂತು. ಒತ್ತಿದರೆ ದೇಶಗಳ ಪಟ್ಟಿ, ಪುಕ್ಕಟೆಗೆ ಮೂರೇ. ನಾಜಮೀನ ನೆದರ್‌ಲ್ಯಾಂಡ್ಸ್ ಆರಿಸಿದಳು, ಗುರುತು ಹಸಿರಾಯಿತು. ಪುಟ ತೆರೆದರೆ ಮತ್ತೆ ಅದೇ ಹಾಳು ಸಾಲು.

"ಮೊದಲು ನೋಡಿದ್ದನ್ನ ನೆನಪಿಟ್ಟೈತಿ, ಖೋಡಿ," ಎಂದು ನಾಜಮೀನ ಹಿಂದಿನದೇನನ್ನೂ ನೆನಪಿಡದ ಗುಪ್ತ ಕಿಟಕಿ ತೆರೆದಳು. ಅಲ್ಲಿ ಹಸಿರು ಗುರುತೇ ಇರಲಿಲ್ಲ. ಗುಪ್ತ ಕಿಟಕಿಯಲ್ಲಿ ಕೆಲಸ ಮಾಡಲು ಎಕ್ಸ್‌ಟೆನ್ಶನ್ನಿಗೆ ಬೇರೆ ಅನುಮತಿ ಬೇಕಂತೆ. ಮಂತ್ರಕ್ಕಿಂತ ಉಗುಳೇ ಹೆಚ್ಚು. ಸೆಟ್ಟಿಂಗಿಗೆ ಹೋಗಿ ಅದನ್ನೂ ಕೊಟ್ಟು ಬಂದಾಗ ಮೂರೂ ಕಾಲು.

ಈ ಸಲ ಬಾಗಿಲು ತೆರೆಯಿತು.

ಜೋಳದ ತೆನೆ, ತೆನೆಯ ಮೇಲೆ ಹನ್ನೊಂದು ಗುಬ್ಬಿ. ಶಂಕ್ರವ್ವನದೇ ನಕ್ಷೆ. "ಗುಬ್ಬಿ ಕಣ್ಣು ದೊಡ್ಡದು ಮಾಡು," ಎಂದಳು ಸುಧಾರಾಣಿ.

ಶಂಕ್ರವ್ವ ನೇಯ್ದ ಯಾವ ಸೀರೆಯಲ್ಲೂ ಒಂದು ಗುಬ್ಬಿಗೆ ಕಣ್ಣಿರುವುದಿಲ್ಲ. ಎಲ್ಲಾ ಸರಿಯಾಗಿದ್ದರೆ ದೃಷ್ಟಿ ತಾಗುತ್ತದೆಂದು ಬೇಕಂತಲೇ ಬಿಡುವ ತಪ್ಪು ಅದು. ಆದರೆ ಒಂದೇ ಒಂದು ಸೀರೆಯಲ್ಲಿ ಮಾತ್ರ ಎರಡು ಗುಬ್ಬಿಗೆ ಕಣ್ಣಿಡದೆ ಬಿಟ್ಟಿದ್ದಳು. ಪ್ರಭುಲಿಂಗಪ್ಪನ ಮಗಳು ದುರ್ಗಾಳ ಕುಬಸಕ್ಕೆ, ಬಸುರಿಯ ಉಡಿ ತುಂಬಲೆಂದು ನೇಯ್ದ ಸೀರೆ. "ಎರಡು ಜೀವ ಅದಾವ, ಎರಡು ದೃಷ್ಟಿ ತಗೀಬೇಕು" ಎಂದಿದ್ದಳು. ಮಾರಲಿಕ್ಕಲ್ಲ, ಮನೆಯ ಮಗಳಿಗೆಂದು. ಅದು ಪ್ರಭುಲಿಂಗಪ್ಪನ ಮನೆಗಲ್ಲದೆ ಬೇರೆಲ್ಲೂ ಹೋಗಿರಲಿಲ್ಲ.

ನಾಜಮೀನ ಚಿತ್ರ ಹಿಗ್ಗಿಸಿದಳು. ಮೂರನೆಯ ಗುಬ್ಬಿಗೆ ಕಣ್ಣಿಲ್ಲ. ಒಂಬತ್ತನೆಯದಕ್ಕೂ ಇಲ್ಲ.

ನೇಯ್ಗೆಯೂ ಇಲ್ಲ. ಹಾಸು ಹೊಕ್ಕಿನಲ್ಲಿ ನೇಯ್ದದ್ದಲ್ಲ, ಮಿರಿಮಿರಿ ಮಿಂಚುವ ಪಾಲಿಸ್ಟರಿನ ಮೇಲೆ ಛಾಪಿಸಿದ್ದು. ಕೆಳಗಿಳಿದರೆ ಅದೇ ಎರಡು ಕುರುಡು ಗುಬ್ಬಿ ದಿಂಬಿನ ಮೇಲೆ, ಚೀಲದ ಮೇಲೆ, ಕಡೆಗೆ ಬಚ್ಚಲ ಬಾಗಿಲಿಗೆ ಹಾಕುವ ಕಾಲೊರಸಿನ ಮೇಲೆ. ಬಸುರಿಯ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹೊತ್ತ ಸೆರಗು ಯಾರದೋ ಒದ್ದೆ ಪಾದದಡಿ ಬಿದ್ದಿತ್ತು.

"ಫೋಟೋನೂ ಐತ್ರಿ," ಎಂದಳು ನಾಜಮೀನ ಮೆಲ್ಲಗೆ.

ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತ ಶಂಕ್ರವ್ವ. ದೀಪಾವಳಿಯಲ್ಲಿ ಪ್ರಭುಲಿಂಗಪ್ಪ ಕ್ಯಾಮರಾದವನನ್ನು ಕರೆತಂದು, ನಾಲ್ಕು ಮಂದಿಗೆ ನಮ್ಮ ಕೆಲಸ ಗೊತ್ತಾಗಲಿ ಎಂದು ತೆಗೆಸಿದ್ದ. ಬೆಳಕು ಝಗ್ಗೆಂದಾಗ ಮುದುಕಿ ಕಣ್ಣು ಮುಚ್ಚಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಬರೆದಿತ್ತು.

"ಏನಂತ ಐತಿ? ಇದ್ದಂಗ ಹೇಳು."

ನಾಜಮೀನ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. "ಈ ಅಜ್ಜಿ ಹುಟ್ಟುಗುರುಡಿ ಇದ್ಲಂತ. ಅದಕ್ಕ ಕಣ್ಣಿಲ್ಲದ ಗುಬ್ಬಿ ನೇಯ್ತಿದ್ಲಂತ. ಹೋದ ವರ್ಷ ತೀರಿಕೊಂಡ್ಲಂತ್ರಿ. ಆಕಿ ನೆನಪಿಗೆ ಈ ಅಂಗಡಿ ತೆಗದಾರಂತ. ಆಕಿ ಮನಿ ಮಂದಿ ಒಪ್ಪಿಗಿ ಕೊಟ್ಟಾರಂತ. ಒಪ್ಪಿಗಿ ತಂದುಕೊಟ್ಟವರು ಪ್ರಭುಲಿಂಗಪ್ಪ ಅಂತ ಹೆಸರೂ ಐತಿ."

ಥೂ! ಉಪ್ಪು ತಿಂದ ಮನೆಯ ಮುದುಕಿಯನ್ನು ಬದುಕಿದ್ದಾಗಲೇ ಸಾಯಿಸಿ ಮಾರಿಕೊಂಡನಲ್ಲ, ಇವನ ಬಾಯಿಗೆ ಅಕ್ಕನೆಂಬ ಮಾತು ಹೇಗೆ ಬಂತು? ಸುಧಾರಾಣಿ ಆ ಪುಟವನ್ನು ಕಾಗದದ ಮೇಲೆ ತೆಗೆಸಿಕೊಂಡಳು. ನಾಜಮೀನ ತಾನು ಹೇಳಿದಂತೆಯೇ ಎಕ್ಸ್‌ಟೆನ್ಶನ್ನನ್ನು ತೆಗೆದುಹಾಕಿ, ಖಾತೆಯನ್ನೂ ಮುಚ್ಚಿದಳು. ಅವಳೆದುರು ಕೂತಿದ್ದಕ್ಕೆ ಸುಧಾರಾಣಿ ಅಳಲಿಲ್ಲ.

ಮನೆಯಲ್ಲಿ ಶಂಕ್ರವ್ವ ಎಲೆ ಅಡಿಕೆ ಜಗಿಯುತ್ತಾ ಲಾಳಿ ಎಸೆಯುತ್ತಿದ್ದಳು. ಸೊಸೆ ಕಾಗದ ತೋರಿಸಿ ಎಲ್ಲವನ್ನೂ ಹೇಳಿದಳು. ಕುರುಡಿ ಎಂದದ್ದಕ್ಕೆ ಮುದುಕಿ ನಕ್ಕಳು, ಸತ್ತಳೆಂದದ್ದಕ್ಕೂ ನಕ್ಕಳು. ಎರಡು ಗುಬ್ಬಿಯ ಮಾತು ಬಂದಾಗ ಜಗಿಯುವುದು ನಿಂತಿತು. "ಕುಬಸದ್ದಾ?" ಎಂದು ಒಂದೇ ಸಲ ಕೇಳಿದಳು. ಎದ್ದು ಹಿತ್ತಲಿಗೆ ಹೋಗಿ, ಬಾಯಲ್ಲಿದ್ದದ್ದನ್ನೆಲ್ಲ ಉಗುಳಿ ಬಾಯಿ ಮುಕ್ಕಳಿಸಿ ಬಂದಳು.

"ಒಲಿ ಆರಸು," ಎಂದಳು. "ಬಿಳಿ ಅರಿವಿ ತಗೊಂಬಾ."

ನಾಲ್ಕಕ್ಕೆ ಸರಿಯಾಗಿ ಪ್ರಭುಲಿಂಗಪ್ಪ ಬಂದ. ಮಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ನೇಕಾರರ ಮನೆಯಲ್ಲಿ ಮಗ್ಗಕ್ಕೆ ಬಿಳಿ ಬಟ್ಟೆ ಬೀಳುವುದು ಸಾವಾದಾಗ ಮಾತ್ರ. ಹನ್ನೊಂದು ದಿನ ಲಾಳಿ ಓಡುವುದಿಲ್ಲ, ಒಲೆ ಹತ್ತುವುದಿಲ್ಲ, ಮಗ್ಗಕ್ಕೆ ಸಂಬಂಧಪಟ್ಟ ಒಂದು ಎಳೆಯೂ ಹೊಸ್ತಿಲು ದಾಟುವುದಿಲ್ಲ. ಅವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಚಪ್ಪಲಿ ಬಿಡುತ್ತಿದ್ದವನು ಬಾಗಿಲಲ್ಲೇ ನಿಂತ.

"ಯಾಕವಾ ಸುಧಾ, ಏನಾತು?"

"ಸೂತಕ ಐತ್ರಿ ಕಾಕಾ. ಚಾ ಇಲ್ಲ. ನಕ್ಷೆ ಹಾಳೀನೂ ಕೊಡಾಕ ಬರೂದಿಲ್ಲ."

"ಅಯ್ಯ ಶಿವನ. ಸಂಜೀವಕುಮಾರ ಇಳಕಲ್ಲಿಗೆ ಹೋಗಿದ್ನಲ್ಲ, ಅವಗೇನರ..." ಅವಳ ಗಂಡನ ಹೆಸರೆತ್ತಿದ ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು. ಅದು ನಿಜವಾಗಿದ್ದದ್ದೇ ಸುಧಾರಾಣಿಗೆ ಇನ್ನಷ್ಟು ಹೇಸಿಗೆ ತಂದಿತು.

"ನಿಮ್ಮ ಪುಣ್ಯಾ, ಅವರು ಚಲೋ ಅದಾರ."

"ಮತ್ತ ತೀರಿಕೊಂಡವರು ಯಾರು?"

"ನಾನ, ತಮ್ಮಾ," ಎಂದಳು ಶಂಕ್ರವ್ವ, ಕತ್ತಲ ಕೋಣೆಯಿಂದ ಹೊರಬರುತ್ತಾ. ಕೈಯಲ್ಲಿದ್ದ ಕಾಗದವನ್ನು ಹೊಸ್ತಿಲ ಆಚೆ, ಅವನ ಕಾಲ ಬಳಿ ಇಟ್ಟಳು. ಕಣ್ಣು ಮುಚ್ಚಿದ ತನ್ನ ಫೋಟೋ, ಪಕ್ಕದಲ್ಲಿ ಕಾಲೊರಸು.

ಪ್ರಭುಲಿಂಗಪ್ಪ ಬಗ್ಗಿ ನೋಡಿದ. "ಅಕ್ಕಾ, ಅದು ಅವರು ಹಂಗ ಬರೀತಾರಂತ ನನಗ..." ಎಂದು ಶುರುಮಾಡಿದ.

"ಹುಟ್ಟುಗುರುಡಿಗೆ ಕಾಣೂದಿಲ್ಲ, ಸತ್ತಾಕಿಗೆ ಕೇಳೂದಿಲ್ಲ," ಎಂದಳು ಮುದುಕಿ. ಬೈಯಲಿಲ್ಲ, ದನಿ ಏರಿಸಲಿಲ್ಲ. ಬಾಗಿಲ ಒಂದು ಕದವನ್ನು ಎಳೆದುಕೊಂಡಳು. "ಸಾವಿನ ಮನಿಗೆ ಬಂದೀದಿ. ಮನಿಗೆ ಹೋದ ಕೂಡಲೆ ತಲಿ ಮ್ಯಾಲ ನೀರು ಹಾಕ್ಕೋ ತಮ್ಮಾ. ದುರ್ಗಾನ ಕೂಸಿನ್ನ ಹಂಗ ಮುಟ್ಟಬ್ಯಾಡ."