ಆಟದೊಳಗಿನ ಅಕ್ಕ

ಕಿಟಕಿಯಾಚೆ ಗೋವಿನಜೋಳದ ಹೊಲ ಹಿಂದೆ ಸರಿಯುತ್ತಿದೆ, ಹಸಿರಾದರೂ ಧೂಳು ಕುಡಿದ ಹಸಿರು, ಇಂಥದ್ದೇ ಬಣ್ಣವಿತ್ತಲ್ಲ ಅಕ್ಕನ ಸೀರೆಗೆ — ಅಕ್ಕನ ಸೀರೆಗಲ್ಲ, ಮೊಬೈಲ್ ಆಟದೊಳಗಿನ ಆ ಹೆಂಗಸಿನ ಸೀರೆಗೆ, ಜಯಾ ತನ್ನನ್ನೇ ತಿದ್ದಿಕೊಂಡಳು, ಈ ಎರಡು ವರ್ಷದಲ್ಲಿ ಅವರಿಬ್ಬರೂ ಕಲೆತು ಒಬ್ಬರೇ ಆಗಿಬಿಟ್ಟಿದ್ದಾರೆ. ಬಸ್ಸು ಹಾನಗಲ್ಲ ದಾಟಿದೆ, ಹಿರೇಕೆರೂರು ಇನ್ನೂ ದೂರ, ಮಡಿಲಲ್ಲಿ ಸವಣೂರ ಖಾರದ ಪೊಟ್ಟಣ, ಅಕ್ಕನಿಗೆ ಅದು ಪ್ರಾಣ, ಚಿಕ್ಕವರಿದ್ದಾಗ ಬಂಕಾಪುರದ ಕೋಟೆಯ ಗೋಡೆ ಹತ್ತಿ ಕುಳಿತು ಒಂದೇ ಪೊಟ್ಟಣದಿಂದ ಇಬ್ಬರೂ ತಿನ್ನುತ್ತಿದ್ದರು, ಕೆಳಗೆ ಮುಳ್ಳುಕಂಟಿಯಲ್ಲಿ ನವಿಲು ಕೂಗುತ್ತಿತ್ತು, ಬಾಯೆಲ್ಲ ಉರಿ, ಮೂಗೆಲ್ಲ ನೀರು, ಅವ್ವ ಕರೆದರೂ ಇಳಿಯುತ್ತಿರಲಿಲ್ಲ. ಈಗ ಬಾಗಿಲಲ್ಲೇ ತಡೆದರೆ ಈ ಪೊಟ್ಟಣ ಏನು ಮಾಡುವುದು, ತಡೆಯದೆ ಏನು, ಅಕ್ಕನ ಮೈದುನ ದುರ್ಗೇಶನನ್ನು ಒಲ್ಲೆ ಅಂದವಳು ತಾನೇ ಅಲ್ಲವೆ, ಒಲ್ಲೆ ಅಂದದ್ದು ಸರಿಯೇ, ಇವತ್ತು ಕೇಳಿದರೂ ಒಲ್ಲೆನೇ, ಆದರೆ ಒಂದು ಮಾತಿಗೆ ಅಕ್ಕನೇ ಇಲ್ಲದಂತಾಗುತ್ತಾಳೆ ಎಂದು ಯಾರಿಗೆ ಗೊತ್ತಿತ್ತು, ನಮ್ಮ ಮನಿ ಹುಡುಗ ಬ್ಯಾಡಾದ್ರ ನಮ್ಮ ಮನಿ ಹೊಸ್ತಿಲಾನೂ ಬ್ಯಾಡ, ಅಂದಿದ್ದಳು ಅಕ್ಕನ ಅತ್ತೆ ದಾನವ್ವ, ತವರಿನ ಪಡಸಾಲೆಯಲ್ಲಿ ನಿಂತು, ಚಹಾ ಮುಟ್ಟದೆ. ಆಮೇಲೆ ಫೋನೂ ನಿಂತಿತು, ಯಾರ ಕರೆ ಬಂತು, ಯಾರಿಗೆ ಹೋಯಿತು ಎಂದು ಭಾವ ಶಿವಯೋಗಿ ತೆಗೆದು ನೋಡುತ್ತಾನಂತೆ. ಆದರೆ ಇಬ್ಬರೂ ಮೊದಲಿನಿಂದ ಆಡುತ್ತಿದ್ದ ಆ ಆಟವನ್ನು ಯಾರು ನೋಡುತ್ತಾರೆ, ಹೆಣ್ಣುಮಕ್ಕಳು ಬ್ಯಾಸರಕ್ಕ ಆಡ್ತಾವು, ಆಡ್ಲಿ ಬಿಡು, ಅನ್ನುತ್ತಿದ್ದರು ಆ ಮನೆಯವರು.

ಅಲ್ಲಿ ದೇಶದೇಶದವರು ಬೆಂಕಿ ಉಗುಳುವ ಹಾವುಗಳನ್ನು ಕೊಲ್ಲುತ್ತಿದ್ದರು, ಮಂತ್ರದ ಕತ್ತಿಗಾಗಿ ಹೊಡೆದಾಡುತ್ತಿದ್ದರು, ಅಕ್ಕತಂಗಿ ಯಾರನ್ನೂ ಕೊಲ್ಲಲಿಲ್ಲ, ನಕಾಶೆಯ ಒಂದು ಮೂಲೆಯಲ್ಲಿ ಬಿದ್ದುಹೋದ ಕೋಟೆ ಇತ್ತು, ಮಧ್ಯಾಹ್ನ ಮನೆಯವರೆಲ್ಲ ಉಂಡು ಅಡ್ಡಾದಾಗ ಅಕ್ಕ ಅಲ್ಲಿಗೆ ಬರುತ್ತಿದ್ದಳು, ಮಾಸಿದ ಹಸಿರು ಸೀರೆಯ, ಗಿಡಮೂಲಿಕೆ ಆರಿಸುವ ನಡುವಯಸ್ಸಿನ ಹೆಂಗಸಾಗಿ. ಅಕ್ಷರ ಬರೆದರೆ ಸಿಕ್ಕಿಬೀಳುವ ಭಯ, ಒಂದು ಗುಂಡಿ ಒತ್ತಿದರೆ ಆ ಹೆಂಗಸು ಕೈಯೆತ್ತುತ್ತಿದ್ದಳು, ಇನ್ನೊಂದು ಒತ್ತಿದರೆ ನಗುತ್ತಿದ್ದಳು, ಅಷ್ಟೇ ಸಾಕಿತ್ತು. ಯಾರು ಬರೆದಿದ್ದರೋ ಆ ಕೋಟೆಯನ್ನು, ಅವರ ಕೈ ತಣ್ಣಗಿರಲಿ, ಕಲ್ಲಿಗೆ ಪಾಚಿ, ಸಂದಿನಲ್ಲಿ ಒಣಹುಲ್ಲು, ಮುಖಗಳ ಮೇಲೆ ಕುಂಚ ಎಳೆದ ಗುರುತು, ಕಣ್ಣ ಕೆಳಗೆ ದಣಿವು, ಅದು ಅಕ್ಕನೇ ಅನ್ನಿಸುವಷ್ಟು. ಆಮೇಲೆ ಒಂದು ದಿನ ಆಟ ಹೊಸ ರೂಪ ಪಡೆಯಿತು. ಕಲ್ಲೆಲ್ಲ ತೊಳೆದ ಪ್ಲಾಸ್ಟಿಕ್ ಕೊಡದಂತೆ ಫಳಫಳ, ಆಕಾಶ ನೇರಳೆ, ಎಲೆ ಎಲೆಗೂ ಮಿಂಚು, ಹೆಂಗಸರಿಗೆಲ್ಲ ಒಂದೇ ಮುಖ, ಒಂದೇ ಹಿಡಿಯಷ್ಟು ಸೊಂಟ, ಮೈಮೇಲೆ ತಗಡಿನ ಎರಡು ಚೂರು. ಜಯಾಳಿಗೆ ಸಿಟ್ಟು ಬಂತು, ಮರುಗಳಿಗೆ ತನ್ನ ಮೇಲೂ ಬಂತು, ಶಿಗ್ಗಾಂವಿಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ದಿನವೂ ತಾನು ಮಾಡುವುದೂ ಇದೇ ಅಲ್ಲವೆ, ಮುಖ ಇನ್ನ ಜರಾ ಬೆಳ್ಳಗ ಮಾಡವಾ, ಗಿರಾಕಿ ಖುಷಿ ಆಗ್ಬೇಕು, ಮಾಲೀಕ ಮಕ್ತುಮಸಾಬರು ಬೆನ್ನ ಹಿಂದೆ ನಿಂತು ಅನ್ನುತ್ತಾರೆ, ಅವಳು ಒಂದು ಎಳೆತಕ್ಕೆ ಯಾರದೋ ನೆರಿಗೆಗಳನ್ನೆಲ್ಲ ಒರೆಸಿಹಾಕುತ್ತಾಳೆ. ಆದರೂ ಆಟದ ಕಂಪನಿಗೆ ಬರೆದಳು, ಬರುವಷ್ಟು ಇಂಗ್ಲಿಷಿನಲ್ಲಿ, ಆ ಕಲ್ಲಿಗೆ ವಯಸ್ಸಿತ್ತು, ಯಾಕೆ ತೆಗೆದಿರಿ, ನಮ್ಮ ಹೆಂಗಸರ ಬಟ್ಟೆಯನ್ನಾದರೂ ಹಿಂದಕ್ಕೆ ಕೊಡಿ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಹೆಚ್ಚಿನ ಆಟಗಾರರು ಹೊಸ ರೂಪವನ್ನು ಮೆಚ್ಚಿದ್ದಾರೆ, ಎಂದು ಉತ್ತರ ಬಂತು.

ಮೆಚ್ಚಿದವರು ಮೆಚ್ಚಲಿ, ಅಕ್ಕ ಬರುವುದು ನಿಂತಿತು, ಜಯಾ ಆ ನೇರಳೆ ಆಕಾಶದ ಕೆಳಗೆ ಒಬ್ಬಳೇ ಕುಳಿತಳು, ಮಧ್ಯಾಹ್ನದ ಮೇಲೆ ಮಧ್ಯಾಹ್ನ, ಕೊನೆಗೆ ಯಾರದೋ ನಂಬರಿನಿಂದ ಫೋನು, ಅಕ್ಕನ ತಗ್ಗಿದ ದನಿ, ಜಯಾ, ಇವ್ರು ನೋಡಿದ್ರು, ಇಂಥಾ ಅರೆಬತ್ತಲೆ ಗೊಂಬಿ ನೋಡ್ಕೋತ ಕುಂದರ್ತಿಯೇನ ಅಂತ ಬೈದು ತೆಗೆದಬಿಟ್ರು, ನನಗೂ ನಾಚಿಕಿ ಬಂತವ್ವ, ಏನಂತ ಹೇಳ್ಲಿ ಅವರಿಗೆ, ಅಲ್ಲಿ ನನ್ನ ತಂಗಿ ಅದಾಳ ಅಂತ ಹೇಳ್ಲಾ — ಅಷ್ಟಕ್ಕೇ ಕಡಿಯಿತು. ಅದಕ್ಕೇ ಈ ಬಸ್ಸು. ಇಳಿದದ್ದು, ಓಣಿ ಕೇಳಿದ್ದು, ಚಪ್ಪಲಿಗೆ ಅಂಟಿದ ಕೆಸರು, ಎಲ್ಲ ಒಂದರ ಮೇಲೊಂದು, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಾಳೆ ದಾನವ್ವ, ತಲೆಯೆತ್ತಿ ನೋಡುತ್ತಾಳೆ, ಬಹಳ ಹೊತ್ತು ನೋಡುತ್ತಾಳೆ, ಈಗ ಬೈಯುತ್ತಾಳೆ, ಈಗ — ಬಿಸಿಲಾಗ ಯಾಕ ನಿಂತಿ, ಒಳಗ ಬಾ, ಅಂದು ಅಕ್ಕನನ್ನು ಕೂಗುತ್ತಾಳೆ, ಮಂಜುಳಾ, ನಿನ್ನ ತಂಗಿ ಬಂದಾಳ ನೋಡು. ಇಷ್ಟೇನಾ, ಒಂದು ಬಸ್ಸು ಹತ್ತಿದ್ದರೆ ಸಾಕಿತ್ತೇನು, ಎಂದೋ ಹತ್ತಬಹುದಿತ್ತೇನು, ಒಳಗೆ ಪಾತ್ರೆಯ ಸದ್ದು ನಿಂತಿತು, ಅನ್ನದ ಹಬೆಯೊಳಗಿಂದ ಅಕ್ಕ ಹೊರಗೆ ಬಂದಳು, ಬಂದವಳ ಕಣ್ಣೇ ಕಾಣುತ್ತಿಲ್ಲ, ಎರಡು ಬೆಳ್ಳಗಿನ ಬಿಲ್ಲೆ, ಹಬೆ ಕೂತ ಕನ್ನಡಕ, ಅಕ್ಕನಿಗೆ ಕನ್ನಡಕ. ಯಾವಾಗ ಬಂತಕ್ಕಾ ಇದು. ಚಸ್ಮಾ ಏನ, ಆತಲ್ಲ, ವರ್ಷದ ಮ್ಯಾಲಾತು, ಅನ್ನುತ್ತ ಮಂಜುಳಾ ಅದನ್ನು ತೆಗೆದು ಸೆರಗಿನಿಂದ ಒರೆಸಿದಳು, ಮೂಗಿನ ಎರಡೂ ಬದಿಗೆ ಒತ್ತಿ ಒತ್ತಿ ಬಿದ್ದ ಕೆಂಪು ಗುಳಿ. ವರ್ಷದಿಂದ ಆ ಕೋಟೆಯಲ್ಲಿ ಇವಳ ಪಕ್ಕದಲ್ಲೇ ಕುಳಿತಿದ್ದೆನಲ್ಲ, ಆಟದ ಹಳೆಯ ಚಿತ್ರದಲ್ಲೂ ಅವು ಇರಲಿಲ್ಲ, ಅಷ್ಟು ಚೆಂದ ಬರೆದವರಿಗೂ ಅವು ಗೊತ್ತಿರಲಿಲ್ಲ, ದಾನವ್ವ ಏನೋ ಕೇಳುತ್ತಿದ್ದಾಳೆ, ಬಸ್ಸಿಗೆ ಬಂದ್ಯಾ, ಉಂಡೀಯೇನು, ಹೌದು ಅನ್ನಬೇಕು, ಮೂಗಿನ ಮೇಲೆ ಎರಡು ಗುಳಿ, ಪೊಟ್ಟಣ ಕೊಡಬೇಕು, ಅಕ್ಕ ಕೈ ಚಾಚಿದ್ದಾಳೆ, ನಗುತ್ತಿದ್ದಾಳೆ, ಗುಂಡಿ ಒತ್ತದೇ ನಗುತ್ತಿದ್ದಾಳೆ, ಎರಡು ಕೆಂಪು ಗುಳಿ, ಮುಟ್ಟಿದರೆ ನೋಯುತ್ತವೋ ಏನೋ, ಎರಡು ಗುಳಿ —