ಖಾಲಿ ಬಿಟ್ಟ ಅರ್ಧ

ಉಳಿ ಇಟ್ಟು ಮೂರನೇ ಪೆಟ್ಟು ಕೊಟ್ಟಾಗಲೂ ಚಕ್ಕೆ ಏಳಲಿಲ್ಲ. ಕಲ್ಲು ಪುಡಿಯಾಗಿ ಉದುರಿತು. ಉಳಿಯಜ್ಜ ಸುತ್ತಿಗೆ ಕೆಳಗಿಟ್ಟು, ಉದುರಿದ್ದನ್ನು ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಸಕ್ಕರೆಯ ಹಾಗೆ ಹರಳು ಹರಳು. ನಾಲ್ಕು ಬೆರಳು ಕೆಳಗೆ ಇನ್ನೊಂದು ಕಡೆ ಉಳಿ ಇಟ್ಟ. ಅಲ್ಲೂ ಅಷ್ಟೇ. ನಲವತ್ತೈದು ವರ್ಷ ಸಮಾಧಿ ಕಲ್ಲುಗಳಿಗೆ ಅಕ್ಷರ ಕೆತ್ತಿ, ಜನರ ಬಾಯಲ್ಲಿ ಸ್ವಂತ ಹೆಸರು ಹೋಗಿ ಉಳಿಯಜ್ಜ ಆದವನು ಅವನು. ಕೈ ತಪ್ಪಿರಲಿಲ್ಲ.

"ಏನಣ್ಣ, ಕೆತ್ತುತಿದೀಯೋ ಕಚಗುಳಿ ಇಡ್ತಿದೀಯೋ?" ಟೈಲರ್ ಕೇಳಿದ. ಪಕ್ಕದ ಸಮಾಧಿಯ ಕಟ್ಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

ಅದು ಟೈಲರನ ಹೆಂಡತಿಯ ಕಲ್ಲು. ಬಿಳಿ ಮಾರ್ಬಲ್, ಎದೆಯೆತ್ತರ. ಮೇಲಿನ ಅರ್ಧದಲ್ಲಿ ಅವಳ ಹೆಸರು, ಎರಡು ತಾರೀಖು, ಅದರ ಕೆಳಗೆ ಒಂದು ಸಾಲು: 'ಅವಸರ ಇಲ್ಲ, ನಿಧಾನ ಬನ್ನಿ.' ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ತಡವಾಗುತ್ತೆ ಎಂದು ಟೈಲರ್ ಫೋನ್ ಮಾಡಿದಾಗಲೆಲ್ಲ ಅವಳು ಹೇಳುತ್ತಿದ್ದ ಮಾತು. ಕೆಳಗಿನ ಅರ್ಧವನ್ನು ಹದಿನೈದು ವರ್ಷದ ಹಿಂದೆಯೇ ತನಗೆಂದು ಖಾಲಿ ಬಿಡಿಸಿದ್ದ. ಈಗ ಹೃದಯ ಸರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. "ಟ್ರಯಲ್ ನೋಡ್ದೆ ನಾನು ಯಾರಿಗೂ ಬಟ್ಟೆ ಕೊಟ್ಟೋನಲ್ಲ. ನನ್ನ ಹೆಸರೂ ಬದುಕಿದ್ದಾಗ್ಲೇ ನೋಡ್ಬಿಡ್ತೀನಿ," ಎಂದು ಉಳಿಯಜ್ಜನನ್ನು ಹಿಡಿದುಕೊಂಡು ಬಂದಿದ್ದ.

ಸ್ಮಶಾನದ ಕಲ್ಲು ತೊಳೆಯುವ ಹೆಂಗಸು ಬಕೆಟ್ಟು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಅವಳು ತೊಳೆದ ಕಲ್ಲುಗಳು ಬೇರೆಲ್ಲೂ ಇಲ್ಲದಷ್ಟು ಬೆಳ್ಳಗೆ ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ಬಿಳಿಯಕ್ಕ ಎಂದೇ ಕರೆಯುತ್ತಿದ್ದರು. ಪುಡಿ ಉದುರುವುದನ್ನು ನೋಡಿದ ಕ್ಷಣವೇ ಅವಳಿಗೆ ಗೊತ್ತಾಯಿತು. ಉಳಿಯಜ್ಜ ತಲೆಯೆತ್ತಿ ಅವಳ ಮುಖ ನೋಡಿದ. ಅವನಿಗೂ ಗೊತ್ತಾಗಿತ್ತು.

"ಈ ಕಲ್ಲು ಅಕ್ಷರ ಹಿಡಿಯಲ್ಲ ಟೈಲರ್ರೇ," ಎಂದ ಅಜ್ಜ.

"ಹಿಡಿಯಲ್ಲ ಅಂದ್ರೆ? ಮೇಲೆ ಹಿಡಿದಿದೆಯಲ್ಲ?"

"ಮೇಲೆ ಹಿಡಿದಿದೆ. ಕೆಳಗೆ ಟೊಳ್ಳು." ಅಜ್ಜ ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿದ. "ನನ್ನದೇ ತಪ್ಪು. ಆವತ್ತು ಕಲ್ಲು ಆರಿಸುವಾಗ ಸರಿಯಾಗಿ ನೋಡ್ಲಿಲ್ಲ."

ಟೈಲರ್ ಎದ್ದು ನಿಂತ. ಮೊದಲು ನಕ್ಕ. ಆಮೇಲೆ ಬೈಯಲು ಶುರುಮಾಡಿದ. ಇಡೀ ಜೀವಮಾನದಲ್ಲಿ ಒಂದೇ ಒಂದು ಕಲ್ಲು ಕೇಳಿದ್ದೆ, ಅದನ್ನೂ ಕೊಳೆತದ್ದು ಕೊಟ್ಟೆಯಾ ಎಂದ. ಕಣ್ಣು ಕಾಣದಿದ್ದರೆ ಮನೇಲಿ ಬಿದ್ದಿರಬೇಕಿತ್ತು ಎಂದ. ಅಜ್ಜ ತಲೆಯಾಡಿಸುತ್ತ ಚೀಲದ ದಾರ ಕಟ್ಟುತ್ತಿದ್ದ. ಉಸಿರು ಸಿಕ್ಕಿಕೊಂಡಾಗ ಟೈಲರ್ ಬಿಳಿಯಕ್ಕನ ಕಡೆ ತಿರುಗಿದ.

"ನೋಡಮ್ಮ, ನೀನು ವರ್ಷಾನುಗಟ್ಟಲೆ ಮಗು ತೊಳೆದ ಹಾಗೆ ತೊಳ್ದೆ. ಈ ಮನುಷ್ಯ ಏನು ಮಾಡಿಟ್ಟಿದಾನೆ ನೋಡು."

ಅವಳು ಬಾಯಿ ತೆರೆದಳು. ಬಕೆಟ್ಟಿನ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಅಷ್ಟೇ.

ಈ ಕೆಲಸ ಅವಳಿಗೆ ಬಂದದ್ದು ಮಾವನಿಂದ. ಮಾವ ನೀರು ಮತ್ತು ಮೆತ್ತನೆಯ ಬ್ರಷ್ ಬಿಟ್ಟು ಬೇರೇನನ್ನೂ ಕಲ್ಲಿಗೆ ಮುಟ್ಟಿಸಿದವನಲ್ಲ. ಒಂದು ಕಲ್ಲಿಗೆ ಅರ್ಧ ದಿನ. ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು, ಮೇಲಿನಿಂದ ತೊಳೆದರೆ ಕೊಳೆನೀರು ಇಳಿದು ಒಣಕಲ್ಲಿನ ಮೇಲೆ ಗೆರೆ ಬೀಳುತ್ತೆ ಎನ್ನುತ್ತಿದ್ದ. ಯಾರೂ ನೋಡದ ಹಿಂಬದಿಯನ್ನೂ ಬಿಡದೆ ತೊಳೆಯುತ್ತಿದ್ದ. ಅವನ ಮಂಡಿ ಕೈಕೊಟ್ಟ ವರ್ಷ ನೂರಾ ಹತ್ತು ಕಲ್ಲುಗಳು ಅವಳೊಬ್ಬಳ ಮೇಲೆ ಬಿದ್ದವು. ಗಂಡನಿಗೆ ಬಸ್ಸಿನ ಕೆಲಸ. ಮನೆಗೆ ಬರುತ್ತಿದ್ದುದೇ ಬಟ್ಟೆ ಒಗೆಸಿಕೊಳ್ಳಲು. ಪಾಚಿ, ಹಕ್ಕಿ ಹಿಕ್ಕೆ, ಎಲೆಯ ಕಂದು ಕಲೆ. ಒಂದು ಸಾಲು ಮುಗಿಸುವ ಹೊತ್ತಿಗೆ ಹಿಂದಿನ ಸಾಲು ಮತ್ತೆ ಕೊಳೆಯಾಗುತ್ತಿತ್ತು. ಆಗ ಕಕ್ಕಸು ತೊಳೆಯುವ ಆಸಿಡ್ ಬಾಟಲಿಯನ್ನು ಒಂದು ಕಲ್ಲಿಗೆ ಸುರಿದು ನೋಡಿದಳು. ಬುಸುಬುಸು ನೊರೆ ಎದ್ದಿತು. ಎರಡು ನಿಮಿಷದಲ್ಲಿ ಹತ್ತು ವರ್ಷದ ಕಲೆ ಮಾಯ.

ಮಾವ ಕೋಲೂರಿಕೊಂಡು ಬಂದ. ಕಲ್ಲಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದ.

"ಏನು ಹಾಕ್ದೆ?"

"ಸೋಪು ಮಾವ."

"ಸೋಪು ಮೂಗಿಗೆ ಹೀಗೆ ಹೊಡೆಯಲ್ಲ." ಬೆರಳನ್ನು ಪಂಚೆಗೆ ಒರೆಸಿಕೊಂಡ. "ನೀನು ಕೊಳೆ ತೆಗೀತಿಲ್ಲ ಕಣಮ್ಮ. ಕಲ್ಲನ್ನೇ ತೆಗೀತಿದೀಯ."

ಮತ್ತೆ ಆ ಮಾತು ಎತ್ತಲಿಲ್ಲ. ಹೇಳಿದರೆ ಕೆಲಸ ಮಾಡುವವರು ಯಾರು ಎಂಬುದು ಅವನಿಗೂ ಗೊತ್ತಿತ್ತು. ಆ ವರ್ಷವೇ ತೀರಿಕೊಂಡ. ಜನ ಮಾತ್ರ ಬಂದು ಬಂದು ಹೊಗಳಿದರು. ಎಲ್ಲರಿಗಿಂತ ಹೆಚ್ಚು ಹೊಗಳಿದವನು ಟೈಲರ್. "ಇನ್ನೂ ಸ್ವಲ್ಪ ಬೆಳ್ಳಗಾಗ್ಲಿ ಬಿಳಿಯಕ್ಕ, ನಮ್ಮೋಳಿಗೆ ಕೊಳೆ ಅಂದ್ರೆ ಆಗ್ತಿರ್ಲಿಲ್ಲ," ಎನ್ನುತ್ತಿದ್ದ. ಅಕ್ಷರಗಳ ಕರಿ ಬಣ್ಣ ಹೋಗಿಬಿಟ್ಟೀತು ಎಂದು ಆ ಕಲ್ಲಿನ ಮೇಲಿನ ಅರ್ಧವನ್ನು ಅವಳು ಬಟ್ಟೆಯ ತುದಿಯನ್ನಷ್ಟೇ ಆಸಿಡ್ಡಿಗೆ ಅದ್ದಿ, ಜೋಪಾನವಾಗಿ ಒರೆಸುತ್ತಿದ್ದಳು. ಕೆಳಗೆ ಕಾಪಾಡುವಂಥದ್ದು ಏನೂ ಇರಲಿಲ್ಲವಲ್ಲ. ಅಲ್ಲಿ ಬಾಟಲಿಯಿಂದಲೇ ಸುರಿಯುತ್ತಿದ್ದಳು. ತಿಂಗಳಿಗೊಮ್ಮೆ. ಹದಿನಾಲ್ಕು ವರ್ಷ.

ಮರುದಿನ ಬೆಳಿಗ್ಗೆ ಉಳಿಯಜ್ಜನ ಶೆಡ್ಡಿಗೆ ಹೋದಳು. ಅವನು ನೆಲದ ಮೇಲೆ ಕೂತು ಉಳಿಗಳನ್ನು ಸಾಣೆ ಹಿಡಿಯುತ್ತಿದ್ದ.

"ಯಾಕಜ್ಜ ಹಾಗಂದ್ರಿ?"

"ಮತ್ತೇನಂತ ಅನ್ನಲಿ? ಅಲ್ಲೇ ನಿನ್ನ ಮಾನ ಹರಾಜು ಹಾಕ್ಲಾ?"

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ನಿನ್ನ ಮಾವ ಹೇಳಿದ್ದ. ಸೊಸೆಗೆ ಬೈಯೋಕೂ ಆಗಲ್ಲ, ನೋಡೋಕೂ ಆಗಲ್ಲ ಅಂತ ಇಲ್ಲೇ ಕೂತು ಗೋಳಾಡ್ತಿದ್ದ." ಅಜ್ಜ ಉಳಿಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದ. "ಟೈಲರ್ ಬಾಯಿ ನಿಂಗೆ ಗೊತ್ತಲ್ಲ. ಊರಿನ ಅರ್ಧ ಜನ ಅವನ ಹತ್ರ ಕೈ ಎತ್ತಿ ನಿಂತು ಅಳತೆ ಕೊಡ್ತಾರೆ. ನಿನ್ನ ವಿಷಯ ಗೊತ್ತಾದ್ರೆ ನಾಳೆಯಿಂದ ನಿನ್ನ ಕೈಗೆ ಕಲ್ಲು ಕೊಡೋರು ಯಾರು? ಈ ಕೆಲಸಕ್ಕೆ ಅಂತ ಸ್ಮಶಾನದವರು ಕೊಟ್ಟಿರೋ ಗೇಟಿನ ಪಕ್ಕದ ಮನೇನೂ ಹೋಯ್ತು. ನಂಗೇನು, ಇನ್ನೆಷ್ಟು ಕಲ್ಲು ಕೆತ್ತಬೇಕು? ಸುಮ್ನೆ ಹೋಗು."

ಅವಳು ಸುಮ್ಮನೆ ಹೋದಳು. ಹೋಗುವಾಗ ಮನಸ್ಸು ಹಗುರವಾಗಿತ್ತು. ಹಾಗೆ ಹಗುರವಾದದ್ದೇ ಆಮೇಲೆ ಅವಳನ್ನು ಹೆಚ್ಚು ಕಾಡಿತು.

ಟೈಲರ್ ಹೇಳಬೇಕಾದವರಿಗೆಲ್ಲ ಹೇಳಿದ. ಶಾಲೆಯ ಹೊಸ ಕಟ್ಟಡದ ಕಲ್ಲಿಗೆ ಉಳಿಯಜ್ಜ ಅಕ್ಷರ ಬರೆದು ಕೊಟ್ಟಿದ್ದ. ಆ ಕೆಲಸ ಮಷೀನಿನಲ್ಲಿ ಕೊರೆಯುವವರಿಗೆ ಹೋಯಿತು. ತಾಯಿಯ ಕಲ್ಲಿಗೆ ಹೇಳಿ ಹೋಗಿದ್ದ ಅಣ್ಣತಮ್ಮಂದಿರು, ಅವಸರವಿಲ್ಲ, ಆಮೇಲೆ ನೋಡೋಣ ಎಂದರು. ಒಂದು ಮಧ್ಯಾಹ್ನ ಬಿಳಿಯಕ್ಕ ಶೆಡ್ಡಿನ ಮುಂದೆ ಹಾದು ಹೋಗುವಾಗ ಅಜ್ಜ ಕೆಲಸವಿಲ್ಲದೆ ಕೂತಿರುವುದನ್ನು ಕಂಡಳು. ಸಾಣೆ ಹಿಡಿದು ಮುಗಿದಿದ್ದ ಉಳಿಗಳನ್ನೇ ಮತ್ತೆ ಸಾಣೆ ಹಿಡಿಯುತ್ತಿದ್ದ. ಅವಳನ್ನು ನೋಡಿ ಕೈ ಬೀಸಿದ.

ಅಂದು ಸಂಜೆ ಅವಳು ಸಾಲಿನುದ್ದಕ್ಕೂ ನಡೆದು ಒಂದೊಂದು ಕಲ್ಲಿನ ಮೇಲೂ ಬೆರಳೊತ್ತಿ ನೋಡಿದಳು. ಟೈಲರನ ಹೆಂಡತಿಯ ಬಲಕ್ಕಿದ್ದ ಮೇಷ್ಟ್ರ ಕಲ್ಲು. ಅದರಾಚೆ ಮೂರು ತಿಂಗಳ ಮಗುವಿನದು. ಅದರಾಚೆ ಅಕ್ಕತಂಗಿಯರದು. ಬೆರಳ ತುದಿಗೆ ಬಿಳಿ ಪುಡಿ ಅಂಟುತ್ತಲೇ ಇತ್ತು. ಹನ್ನೊಂದನೆಯ ಕಲ್ಲಿಗೆ ನೋಡುವುದನ್ನು ನಿಲ್ಲಿಸಿದಳು.

ಅಜ್ಜ ಬೈಸಿಕೊಂಡ ಹನ್ನೆರಡನೆಯ ದಿನ ಟೈಲರನ ಅಂಗಡಿಗೆ ಹೋದಳು. ಗಿರಾಕಿಯೊಬ್ಬ ಹೋಗುವವರೆಗೂ ಬಾಗಿಲ ಬಳಿ ನಿಂತಿದ್ದಳು. ಟೈಲರ್ ಕತ್ತರಿಸಿದ ತುಂಡುಗಳನ್ನು ಕಾಲಿನಿಂದ ಸರಿಸಿ ಸ್ಟೂಲು ತಳ್ಳಿದ.

"ಕೂತ್ಕೋಮ್ಮ. ಏನು, ರವಿಕೆಯಾ?"

ಅವಳು ಕೂರಲಿಲ್ಲ. "ಕಲ್ಲು ಕೆಡಿಸಿದ್ದು ಅಜ್ಜ ಅಲ್ಲ ಯಜಮಾನ್ರೇ. ನಾನು. ಆಸಿಡ್ ಹಾಕ್ತಿದ್ದೆ."

ಟೈಲರನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲಿತ್ತು. ಅದು ಎರಡು ಸಲ ತಾನಾಗಿಯೇ ಆಡಿ ನಿಂತಿತು.

"ಎಷ್ಟು ದಿನದಿಂದ?"

"ಹದಿನಾಲ್ಕು ವರ್ಷ."

"ಇಡೀ ಕಲ್ಲಿಗಾ?"

"ಕೆಳಗೆ ಜಾಸ್ತಿ. ಅಲ್ಲಿ ಅಕ್ಷರ ಇರ್ಲಿಲ್ಲ ಅಂತ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ಅಲ್ಲ, ಬೆಳ್ಳಗೆ ಮಾಡು, ಇನ್ನೂ ಬೆಳ್ಳಗೆ ಮಾಡು ಅಂತ ಕುಣಿದೋನು ನಾನೇ ಅಲ್ವಾ?" ಎಂದ. "ಇಡೀ ಸಾಲಿಗೆ ನಮ್ಮೋಳೇ ಎದ್ದು ಕಾಣ್ತಾಳೆ ಅಂತ ಬಂದೋರಿಗೆಲ್ಲ ತೋರಿಸ್ತಿದ್ದೆ." ಆಮೇಲೆ ಗಟ್ಟಿಯಾಗಿ ಕೇಳಿದ: "ಆವತ್ತೇ ಯಾಕೆ ಹೇಳ್ಲಿಲ್ಲ? ಆ ಮುದುಕನ್ನ ನಾನು ನಾಯಿಗೆ ಬೈದ ಹಾಗೆ ಬೈದೆ. ನೀನು ಬಕೆಟ್ ಹಿಡ್ಕೊಂಡು ನಿಂತಿದ್ದೆ."

"ಹೂಂ. ನಿಂತಿದ್ದೆ."

ಟೈಲರ್ ಅಂಗಡಿಯ ಬಾಗಿಲು ಅರ್ಧ ಎಳೆದು ಶೆಡ್ಡಿನ ಕಡೆ ಹೊರಟ. ಅವಳು ಹಿಂದೆ ಹೋದಳು. ದಾರಿಯಲ್ಲಿ ಎರಡು ಕಡೆ ಅವನು ಉಸಿರಿಗಾಗಿ ನಿಂತ. ಅವಳೂ ನಾಲ್ಕು ಹೆಜ್ಜೆ ಹಿಂದೆ ನಿಂತಳು.

ಉಳಿಯಜ್ಜ ಇಬ್ಬರನ್ನೂ ನೋಡಿ ಎದ್ದ. ಟೈಲರ್ ಕ್ಷಮೆ ಕೇಳಬೇಕೆಂದು ಬಂದವನು. ಬಾಯಿಂದ ಬಂದದ್ದು ಮಾತ್ರ "ನಿಂಗೆ ಸುಳ್ಳು ಹೇಳು ಅಂತ ಯಾರು ಹೇಳಿದ್ರು?" ಎಂಬ ಮಾತು.

ಅಜ್ಜ ಅವನನ್ನು ಬಿಟ್ಟು ಅವಳ ಮೇಲೆ ರೇಗಿದ. "ನಾನು ಹೊತ್ಕೊಂಡಾದ್ಮೇಲೆ ನೀನ್ಯಾಕೆ ಇಳಿಸೋಕೆ ಹೋದೆ? ಹೇಳೋದಾದ್ರೆ ಆವತ್ತೇ ಹೇಳ್ಬೇಕಿತ್ತು. ಈಗ ನಂದೂ ಹೋಯ್ತು, ನಿಂದೂ ಹೋಯ್ತು." ಶಾಲೆಯವರ ಕಲ್ಲು ಆಗಲೇ ಮಷೀನಿನಲ್ಲಿ ಕೊರೆದು, ಗೋಡೆಗೆ ಕೂರಿಸಿ ಆಗಿತ್ತು.

ಮೂವರೂ ಸ್ಮಶಾನಕ್ಕೆ ಹೋದರು. ಹೊಸ ಕಲ್ಲು ತರಿಸುವ ಮಾತನ್ನು ಟೈಲರ್ ಕೇಳಿಸಿಕೊಳ್ಳಲೂ ಇಲ್ಲ. ಹೆಂಡತಿಯ ಹೆಸರಿರುವ ಕಲ್ಲೇ ಆಗಬೇಕು ಎಂದ. ಉಳಿಯಜ್ಜ ಸುತ್ತಿಗೆಯ ಹಿಡಿಯಿಂದ ಕಲ್ಲಿನ ಮುಂಬದಿಗೆ ಬಡಿದ. ದಬ್ ಎಂದಿತು. ಇನ್ನೊಂದು ಕಡೆ ಬಡಿದ. ದಬ್. ಆಮೇಲೆ ಕಲ್ಲಿಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡ. ಹಿಂಬದಿ ಪಾಚಿ ಕಟ್ಟಿ ಕಪ್ಪಾಗಿತ್ತು. ಉಳಿಯ ಅಂಚಿನಿಂದ ಅಂಗೈಯಗಲ ಕೆರೆದು, ಅಲ್ಲಿ ಬಡಿದ.

ಟಣ್ ಎಂದಿತು.

"ಈ ಕಡೆ ಗಟ್ಟಿ ಇದೆ," ಸಂದಿಯಿಂದಲೇ ಕೂಗಿದ. "ಹಿಂದೆ ತೊಳ್ದೇ ಇಲ್ಲ ಇವಳು."

ತೊಳೆದಿರಲಿಲ್ಲ. ಮಾವ ಹೋದ ಮೇಲೆ ಒಂದು ಕಲ್ಲಿನ ಹಿಂಬದಿಯನ್ನೂ ಅವಳು ಮುಟ್ಟಿರಲಿಲ್ಲ. ಯಾರು ನೋಡುತ್ತಾರೆ ಎಂದುಕೊಂಡಿದ್ದಳು.

"ಕಲ್ಲು ತಿರುಗಿಸಿ ಇಬ್ಬರ ಹೆಸರೂ ಹಿಂದೆಯೇ ಕೆತ್ತಿಬಿಡ್ಲಾ?" ಅಜ್ಜ ಕೇಳಿದ.

"ಬೇಡ. ಅವಳು ಇದ್ದ ಹಾಗೇ ಇರ್ಲಿ. ಗೋಡೆ ಕಡೆ ಮುಖ ಮಾಡಿ ನಿಲ್ಸೋಕೆ ಅವಳೇನು ತಪ್ಪು ಮಾಡಿದಾಳೆ? ನಂದು ಹಿಂದೆ ಹಾಕು." ಟೈಲರ್ ನಕ್ಕ. "ಮೂವತ್ತೆರಡು ವರ್ಷ ಎದುರಾಬದುರು ಕೂತು ಜಗಳ ಆಡಿದ್ವಿ. ಇನ್ನು ಬೆನ್ನಿಗೆ ಬೆನ್ನು."

"ಸಂದೀಲಿ ಯಾರು ಬಂದು ಓದ್ತಾರೆ ಟೈಲರ್ರೇ?"

"ಯಾರೂ ಓದಲ್ಲ." ಬಿಳಿಯಕ್ಕನ ಕಡೆ ನೋಡದೆಯೇ ಹೇಳಿದ: "ತೊಳೆಯೋಳು ಓದ್ತಾಳೆ."

ಅಜ್ಜ ಹೊರಬಂದ ಮೇಲೆ ಟೈಲರ್ ಹೊಟ್ಟೆ ಒಳಗೆಳೆದುಕೊಂಡು ಸಂದಿಗೆ ಇಳಿದ. ಕೆರೆದ ಜಾಗವನ್ನು ಕರವಸ್ತ್ರದಿಂದ ಒರೆಸಿದ. ಕುತ್ತಿಗೆಯ ಟೇಪು ತೆಗೆದು ಅಗಲ ನೋಡಿದ, ಉದ್ದ ನೋಡಿದ. ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ನಾಲ್ಕು ಗೆರೆ ಎಳೆದ. ಅಂಗಿಯ ಜೇಬಿನಷ್ಟು ಜಾಗ.

"ಇಷ್ಟರಲ್ಲಿ ಹಿಡಿಸು," ಎಂದ. ಕೈ ಝಾಡಿಸಿಕೊಂಡು ಹೊರಟ.

ಪಾಚಿ ಹೋಗಿ ಕಲ್ಲು ಒಣಗಿದ ಮೇಲೆ ಬರುತ್ತೇನೆ ಎಂದು ಉಳಿಯಜ್ಜನೂ ಹೋದ. ಮರುದಿನ ಬೆಳಿಗ್ಗೆ ಬಿಳಿಯಕ್ಕ ಅಟ್ಟದ ಮೇಲಿಂದ ಮಾವನ ಬ್ರಷ್ ಹುಡುಕಿ ತಂದಳು. ಅದರ ಕೂದಲು ಒಂದು ಕಡೆಗೆ ವಾಲಿ ಸವೆದಿತ್ತು, ಮಾವ ಎಡಗೈಯವನು. ಬಕೆಟ್ಟಿನಲ್ಲಿ ಬರೀ ನೀರು ತುಂಬಿಕೊಂಡು ಸಂದಿಯೊಳಗೆ ತೂರಿದಳು. ಕೂರಲು ಜಾಗವಿರಲಿಲ್ಲ. ಬಗ್ಗಿದರೆ ಬೆನ್ನು ಗೋಡೆಗೆ ಉಜ್ಜುತ್ತಿತ್ತು.

ಕೆಳಗಿನಿಂದ ಶುರುಮಾಡಿದಳು. ನೀರು ಹಾಕಿ, ನೆನೆಯಲು ಬಿಟ್ಟು, ಮೆಲ್ಲಗೆ ತಿಕ್ಕಿದಳು. ಕಪ್ಪು ನೀರು ಇಳಿದು ಕಾಲಿನ ಬಳಿ ಮಡುಗಟ್ಟಿತು. ಅಂಗೈಯಗಲ ಕಲ್ಲು ಕಾಣುವ ಹೊತ್ತಿಗೆ ಬಿಸಿಲು ಗೋಡೆ ಹತ್ತಿತ್ತು. ಅದು ಬೆಳ್ಳಗಿರಲಿಲ್ಲ. ಹಳದಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಬಣ್ಣ. ಬೆರಳಿಟ್ಟು ಒತ್ತಿದಳು. ಬೆರಳಿಗೆ ಏನೂ ಅಂಟಲಿಲ್ಲ.

ಸೀಮೆಸುಣ್ಣದ ಗೆರೆಯ ಹತ್ತಿರ ಬಂದಾಗ ಬ್ರಷ್ ಕೆಳಗಿಟ್ಟಳು. ಬಟ್ಟೆಯ ಚೂರನ್ನು ನೀರಿಗೆ ಅದ್ದಿ, ಪೂರ್ತಿ ಹಿಂಡಿ, ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆ ನಾಲ್ಕು ಗೆರೆಗಳಿಗೆ ಒಂದು ಹನಿಯೂ ತಾಗದ ಹಾಗೆ, ಉಸಿರು ಬಿಗಿಹಿಡಿದು, ಹೊರಗೆ ಹೊರಗೇ ಒರೆಸುತ್ತ ಹೋದಳು.