ಚಂದ್ರಲೋಕದ ಕಾಗೆ

ನನ್ನ ಗಂಡ ಅಣ್ಣು ಚಂದ್ರಲೋಕದಲ್ಲಿ ನಡೆದಾಡಿದ್ದು ಬೊಂಬಾಯಿಯ ವಡಾಲದ ಉಪ್ಪಿನಗದ್ದೆಯಲ್ಲಿ. ಮಾಟುಂಗದ ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಇವರಿಗೆ ಅಂಥ ಯೋಗ ಬಂದದ್ದು ಒಲೆಯಿಂದ. ಚಂದ್ರನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದು, ಬದುಕಲು ಹೆಣಗುವ ವಿಜ್ಞಾನಿಯ ಸಿನಿಮಾ ಅದು. ರಬ್ಬರಿನ ಅಂಗಿ, ತಲೆಗೆ ಗಾಜಿನ ಬುರುಡೆ ತೊಟ್ಟ ಹೀರೋ ಸೆಕೆಗೆ ಎಚ್ಚರ ತಪ್ಪಿದನಂತೆ. ಕಾಫಿಗೆ ಬಂದ ಡೈರೆಕ್ಟರ್, ಉರಿಯುವ ಒಲೆಯ ಮುಂದೆ ಆರಾಮಾಗಿ ನಿಂತಿದ್ದ ಇವರನ್ನು ಕಂಡು ದೂರದ ಶಾಟುಗಳಿಗೆ ಎಳೆದುಕೊಂಡು ಹೋದರು.

ಆಗ ನಮ್ಮ ಮನೆಯಲ್ಲಿ ನಗುವಿರಲಿಲ್ಲ. ಊರಿನಲ್ಲಿ ಅತ್ತೆ ನೀಲಾವತಿ ತೀರಿಕೊಂಡಿದ್ದರು. ಹಡಗಿನಲ್ಲಿ ಬಂದವರ ಬಾಯಿಂದ ಸುದ್ದಿ ತಿಳಿಯುವಷ್ಟರಲ್ಲಿ ಬೊಜ್ಜದ ಉತ್ತರಕ್ರಿಯೆಯೂ ಮುಗಿದಿತ್ತು. ಅಣ್ಣು ಚಾಳಿನ ಮಾಳಿಗೆಯಲ್ಲಿ ಎಲೆ ಹಾಕಿ ಅಮ್ಮನಿಗೆಂದು ಬಡಿಸಿದರು. ಕೈಯಲ್ಲಿದ್ದ ವಡೆಯನ್ನೇ ಕಿತ್ತುಕೊಂಡು ಹಾರುವ ಮಾಟುಂಗದ ಕಾಗೆಗಳು ಅಂದು ಗೋಡೆಯ ಮೇಲೆ ಕೂತು ನೋಡಿದವೇ ಹೊರತು ಎಲೆ ಮುಟ್ಟಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ತೃಪ್ತಿಯಿಲ್ಲ ಎಂಬುದು ನಮ್ಮವರ ನಂಬಿಕೆ.

“ಅಮ್ಮನಿಗೆ ನನ್ನ ಮೇಲೆ ಸಿಟ್ಟುಂಟು ವಾರಿಜಾ. ಬೊಂಬಾಯಿಗೆಲ್ಲ ಬೇಯಿಸಿ ಹಾಕ್ತೇನೆ, ಅವಳಿಗೆ ಒಂದು ದಿನ ನನ್ನ ಕೈಯದ್ದು ತಿನ್ನಿಸ್ಲಿಲ್ಲ.”

“ಆ ಕಾಗೆಗಳಿಗೆ ಹೊಟ್ಟೆ ತುಂಬಿತ್ತು ಮಾರಾಯ್ರೆ,” ಎಂದೆ. ಅವರು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ. ಅಮ್ಮನಿಗೆ ಇಷ್ಟವಾದ ಅರಸಿನ ಎಲೆಯಲ್ಲಿ ಬೇಯಿಸುವ ಅಕ್ಕಿಯ ಕಡುಬು, ಗಟ್ಟಿಯನ್ನು ಅವರು ಆಮೇಲೆ ಬಾಯಿಗಿಡಲಿಲ್ಲ. ಕಾಗೆ ತಿಂದ ಮೇಲಲ್ಲವೇ ಮನೆಯವರು ಉಣ್ಣುವುದು.

ಶೂಟಿಂಗಿನಿಂದ ಬಂದು ಕನಸಿನಲ್ಲಿದ್ದವರ ಹಾಗೆ ಮಾತಾಡುತ್ತಿದ್ದರು. “ಎಲ್ಲ ಬೆಳ್ಳಗೆ. ಬುರುಡೆಯ ಒಳಗೆ ನನ್ನ ಉಸಿರು ಮಾತ್ರ ಕೇಳ್ತದೆ. ಇನ್ನೊಂದು ಸ್ವಲ್ಪ ನಡೆದ್ರೆ ಅಮ್ಮ ಸಿಗ್ತಾಳೇನೋ ಅಂತ ಅನ್ನಿಸ್ತದೆ.” ನನಗೆ ಹೆದರಿಕೆಯಾಗುತ್ತಿತ್ತು.

ದೂರದಿಂದಲೇ ತೆಗೆದ ಕೊನೆಯ ದೃಶ್ಯದಲ್ಲಿ ವಿಜ್ಞಾನಿ ಉಳಿದ ಒಂದೇ ತುಂಡು ಆಹಾರವನ್ನು ತಿಂದು, ತಿರುಗಿ ನೋಡದೆ ನಡೆದು ಮರೆಯಾಗಬೇಕು. ತುಂಡಿಗೆಂದು ಇವರೇ ಗಟ್ಟಿ ಬೇಯಿಸಿ ಬೇಗಡೆ ಸುತ್ತಿದ್ದರು. ಬುರುಡೆಯ ಕಿಂಡಿಯಿಂದ ತಿಂದಂತೆ ನಟಿಸುವ ಮೊದಲು, ಊಟಕ್ಕೆ ಕೂತಾಗಿನ ಅಭ್ಯಾಸದಂತೆ ಒಂದು ಚೂರು ಮುರಿದು ನೆಲದ ಮೇಲಿಟ್ಟರು. ಆಮೇಲೆ ನಡೆದುಬಿಟ್ಟರು. ಅಂದು ಸಂಜೆ ನೀರೇರಿದ ಭರತಕ್ಕೆ ಉಪ್ಪಿನ ಚಂದ್ರಲೋಕವೆಲ್ಲ ಕರಗಿ ಸಮುದ್ರ ಸೇರಿತು, ಮತ್ತೆ ಶೂಟಿಂಗ್ ಮಾಡಲು ಏನೂ ಉಳಿಯಲಿಲ್ಲ. ತೊಳೆದು ಬಂದ ಫಿಲ್ಮ್ ನೋಡಿ ಡೈರೆಕ್ಟರ್ ತಲೆ ಚಚ್ಚಿಕೊಂಡರಂತೆ. ಏಕೆಂದು ನಮಗೆ ಯಾರೂ ಹೇಳಲಿಲ್ಲ.

ಕುರ್ಲಾದ ಟಾಕೀಸಿನಲ್ಲಿ ನಾವು ಅದನ್ನು ನೋಡಿದೆವು. ಉಪ್ಪಿನಗದ್ದೆ ನಿಜಕ್ಕೂ ಚಂದ್ರನಂತೆ ಹೊಳೆಯುತ್ತಿತ್ತು. ಸಿನಿಮಾದವರು ಕಪ್ಪಾಗಿಸಿದ ಆಕಾಶದ ಕೆಳಗೆ ನನ್ನ ಗಂಡ ಚಿಕ್ಕದಾಗಿ ಕಾಣುತ್ತ ಹೋಗುವಾಗ ಜನ ಉಸಿರು ಬಿಗಿಹಿಡಿದಿದ್ದರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಒಂದು ಕಾಗೆ ಇಳಿಯಿತು. ಕುಪ್ಪಳಿಸುತ್ತ ಬಂದು ಗಟ್ಟಿಯ ಚೂರನ್ನು ಕಚ್ಚಿ ಹಾರಿಹೋಯಿತು.

ಟಾಕೀಸು ಬಿದ್ದು ಬಿದ್ದು ನಕ್ಕಿತು. “ಚಾಂದ್ ಪೆ ಕವ್ವಾ,” ಎಂದು ಚಂದ್ರನ ಮೇಲಿನ ಕಾಗೆಯನ್ನು ಕಂಡು ಹಿಂದಿನಿಂದ ಯಾರೋ ಕೂಗಿದರು, ಸಿಳ್ಳೆ ಹೊಡೆದರು. ಅಣ್ಣು ನನ್ನ ಕೈ ಹಿಡಿದುಕೊಂಡಿದ್ದರು.

“ಮುಟ್ಟಿತು,” ಎಂದರು.

ಆ ಸಿನಿಮಾ ಮಕಾಡೆ ಮಲಗಿತು. ಪೇಪರಿನವರು ಕಾಗೆಯನ್ನೇ ಹೀರೋ ಎಂದು ಗೇಲಿ ಮಾಡಿದರು. ಟಾಕೀಸಿನಿಂದ ಎತ್ತಂಗಡಿಯಾಗುವ ಮುನ್ನ ಇವರು ನನ್ನನ್ನು ಮತ್ತೊಮ್ಮೆ ಕರೆದುಕೊಂಡು ಹೋದರು. ಕೈಯಲ್ಲಿ ಬಿಸಿ ಗಟ್ಟಿಯ ಪೊಟ್ಟಣ. ಟಾಕೀಸಿನ ತುಂಬ ಅರಸಿನ ಎಲೆಯ ಪರಿಮಳ. ಕಾಗೆ ಬಂದು ಮುಟ್ಟುವ ತನಕ ಕಾದು, ಜನರ ನಗುವಿನ ನಡುವೆ ಅವರು ಅರ್ಧ ನನಗೆ ಕೊಟ್ಟು, ಅರ್ಧ ತಾವು ತಿಂದರು.